ಸಾಹೇಬರ ಮೀನಿನ ಶ್ರಾವಣ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ವಿಸ್ತರಣೆಯನ್ನು ಅನಂತರಾಜು ಒಂದು ಭಾನುವಾರವಿಡೀ ಓದಿದ. ಹೆಂಡತಿ ಸುಧಾ ಕ್ಯಾತ್ಸಂದ್ರದ ಶಾಲೆಯೊಂದರಲ್ಲಿ ಕನ್ನಡ ಟೀಚರು. ಅವಳ ಮಕ್ಕಳ ಉತ್ತರಪತ್ರಿಕೆಗಳಿಗೆ ಅಂಕ ಕೂಡಿಸಿಕೊಡುವುದು ಅವನ ಕೆಲಸ. ಓದಿದ್ದನ್ನೆಲ್ಲ ಸೋಮವಾರ ಆಫೀಸಿಗೆ ಹೋಗಿ ಮರೆತ.

ಆಫೀಸು ಸರ್ಕಾರದ್ದು, ತುಮಕೂರಿನದು. ಯಾವ ಇಲಾಖೆ ಎಂದು ಹೇಳಿಬಿಟ್ಟರೆ ನಾಳೆ ನನಗೇ ಅಲ್ಲಿ ಕೆಲಸ ಬೀಳಬಹುದು, ಆದ್ದರಿಂದ ಬೇಡ. ಅಲ್ಲಿನ ಸಾಹೇಬರು ಹನುಮಂತರಾಜು. ಅವರ ಮನೆಯಲ್ಲಿ ರಾಜ ಎಂಬ ಹೆಸರಿನ ಒಂದು ಫ್ಲವರ್‌ಹಾರ್ನ್ ಮೀನಿತ್ತು. ಅಂಗೈಯಷ್ಟು ಅಗಲ, ಕೆಂಪು ಮೈ, ತಲೆಯ ಮೇಲೊಂದು ದೊಡ್ಡ ಬುರುಡೆ. ಆ ಬುರುಡೆ ಬೆಳೆದಂತೆಲ್ಲ ಯಜಮಾನನಿಗೆ ಬಡ್ತಿ ಎಂದು ವಾಸ್ತು ನೋಡುವವರೊಬ್ಬರು ಹೇಳಿದ್ದರು. ಬುರುಡೆ ಬೆಳೆದಿತ್ತು, ಸಾಹೇಬರಿಗೆ ಬಡ್ತಿಯೂ ಬಂದಿತ್ತು. ಹಾಗಾಗಿ ಆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ನಡೆಯುತ್ತಿತ್ತು, ರಾಜನಿಗೆ ಏನೂ ಆಗಬಾರದು.

ಈಗ ಸಾಹೇಬರು ಸಂಸಾರ ಸಮೇತ ಕಾಶಿ, ಗಯೆ ಎಂದು ಹೊರಟಿದ್ದರು. ಶ್ರಾವಣ ಮುಗಿಯುವ ಹೊತ್ತಿಗೆ ವಾಪಸು. ಅಲ್ಲಿಯವರೆಗೆ ರಾಜನನ್ನು ಯಾರ ಮನೆಯಲ್ಲಿ ಬಿಡುವುದು ಎಂಬ ವಿಷಯ ಕಾಫಿಯ ಹೊತ್ತಿನಲ್ಲಿ ಚರ್ಚೆಗೆ ಬಂತು. ಎಲ್ಲರೂ ಲೋಟದೊಳಗೆ ನೋಡುತ್ತ ಕೂತರು. ಅನಂತರಾಜು ಬಾಯಿ ಬಿಟ್ಟ.

"ಮೀನು ನಂಗೇನ್ ಹೊಸದಲ್ಲ ಸಾರ್. ನಮ್ಮೂರು ಕೋರ. ಹುಡುಗ್ನಿಂದ ಮೀನಿನ ಜೊತೇಲೇ ಬೆಳ್ದಿರೋನು. ನೋಡಿದ್ ತಕ್ಷಣ ಹೇಳ್ಬಿಡ್ತೀನಿ, ಇದಕ್ಕೆ ಹಿಂಗಾಗಿದೆ ಅಂತ."

ಅವನು ಹುಡುಗನಾಗಿದ್ದಾಗ ಕೋರದ ಕೆರೆಯಲ್ಲಿ ಟವೆಲ್ ಹಾಸಿ ಮೀನು ಹಿಡಿದದ್ದು ನಿಜ. ಅದನ್ನು ತಂಬಿಗೆಯಲ್ಲಿಟ್ಟು ಸಾಕಿದ್ದೂ ನಿಜ. ಕೆಲವು ದಿನಗಳ ಮೇಲೆ ಅದಕ್ಕೆ ಕಾಲು ಮೂಡಿ, ಬಾಲ ಉದುರಿ, ಅದು ತಂಬಿಗೆಯಿಂದ ನೆಗೆದು ಹೋದ ಸಂಗತಿಯನ್ನು ಅವನು ಸಾಹೇಬರಿಗೆ ಹೇಳಲಿಲ್ಲ.

ಸಾಹೇಬರು ಅವನನ್ನು ಒಳಗೆ ಕರೆದರು. "ನೋಡಿ ಅನಂತರಾಜು, ಪಾವಗಡದಲ್ಲಿರೋ ದೊಡ್ಡ ಸಾಹೇಬ್ರು ಒಬ್ಬ ಕ್ಲಾರ್ಕನ್ನ ಕಳ್ಸಿ ಅಂತ ಜೀವ ತಿಂತಾವ್ರೆ. ಸೀನಿಯಾರಿಟಿ ಪ್ರಕಾರ ನಿಮ್ಮ ಹೆಸರೇ ಮೇಲಿರೋದು. ಮೀನಂದ್ರೆ ಅವ್ರಿಗೂ ಪ್ರಾಣ ಕಣ್ರೀ, ನಮ್ ರಾಜನ ಜೋಡೀನ ಕೊಡ್ಸಿದ್ದೇ ನಾನು. ಅದಿರ್ಲಿ. ನನ್ ರಾಜ ಚೆನ್ನಾಗಿದ್ರೆ ನೀವೂ ತುಮಕೂರಲ್ಲಿ ಚೆನ್ನಾಗಿರ್ತೀರಿ. ದಿನಾ ಬೆಳಿಗ್ಗೆ ಒಂದು ಫೋಟೋ ಕಳಿಸ್ತಿರಿ."

ಅನಂತರಾಜು ತಲೆಯಾಡಿಸಿ ಆಚೆ ಬಂದ. ಪಾವಗಡಕ್ಕೆ ಹೋದರೆ ಒಬ್ಬನೇ ರೂಮು ಮಾಡಿಕೊಂಡಿರಬೇಕು. ಸುಧಾ ಕೆಲಸ ಬಿಟ್ಟು ಬರುವಂತಿಲ್ಲ. ಅವನಿಗೆ ಬರುತ್ತಿದ್ದ ಅಡುಗೆ ಮೊಸರನ್ನ ಒಂದೇ, ಅದೂ ಯಾರಾದರೂ ಅನ್ನ ಮಾಡಿ ಮೊಸರು ಕೊಟ್ಟರೆ. ಇದು ಅವನು ಎಲ್ಲರಿಗೂ ಹೇಳುತ್ತಿದ್ದ ಕಾರಣ. ಹೇಳದಿದ್ದ ಕಾರಣವೆಂದರೆ, ಅವನು ಹೆಂಡತಿಯನ್ನು ಬಿಟ್ಟಿರಲಾರದ ಗಂಡಸು. ಅದನ್ನು ಅವನು ಸುಧಾಳಿಗೂ ಹೇಳಿರಲಿಲ್ಲ.

ಹೀಗೆ ರಾಜ ಗಾಜಿನ ತೊಟ್ಟಿಯ ಸಮೇತ ಸದಾಶಿವನಗರಕ್ಕೆ ಬಂದು, ಅನಂತರಾಜುವಿನ ಹಾಲಿನಲ್ಲಿ ಟಿವಿ ಇದ್ದ ಜಾಗದಲ್ಲಿ ಕೂತ. ಅದೇ ವಾರ ಕುಣಿಗಲ್ಲಿನಿಂದ ಅತ್ತೆ ರಂಗಲಕ್ಷ್ಮಮ್ಮನವರೂ ಬಂದರು. ರಂಗನಾಥನ ಒಕ್ಕಲಿನ ಮನೆಯವರು. ಪ್ರತಿ ವರ್ಷ ಶ್ರಾವಣವನ್ನು ಮಗಳ ಮನೆಯಲ್ಲಿ ಮಾಡುವುದು ಅವರ ರೂಢಿ. ಶ್ರಾವಣದಲ್ಲಿ ಮಾಂಸ ಬಿಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ರಂಗಲಕ್ಷ್ಮಮ್ಮ ಅಷ್ಟಕ್ಕೇ ನಿಲ್ಲುವವರಲ್ಲ. ಬಂದ ದಿನವೇ ಅಡುಗೆಮನೆಯಿಂದ ಬೆಳ್ಳುಳ್ಳಿಯನ್ನು ಮೊರದಲ್ಲಿ ಹಾಕಿ ಆಚೆ ಕಳಿಸಿ, ಡಬ್ಬಿಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿಸಿದರು.

ಮೊದಲ ಶನಿವಾರ ಅನಂತರಾಜು ಅಂಗಡಿಯ ಮೀನಿನ ಕಾಳು ಹಾಕಿದ. ಮೀನು ಮೂಸಿ ನೋಡಲಿಲ್ಲ. ಗುರುವಾರವೂ ತಿಂದಿರಲಿಲ್ಲ, ಶುಕ್ರವಾರವೂ ತಿಂದಿರಲಿಲ್ಲ. ಆದರೆ ಅತ್ತೆಯವರು ನೋಡಿದ್ದು ಶನಿವಾರ.

"ಯಾಕಂತೆ ತಿಂತಿಲ್ಲ?" ಎಂದರು.

"ಇವತ್ತು ಯಾಕೋ ಬೇಡ ಅಂತಿದೆ ಅತ್ತೆ."

ರಂಗಲಕ್ಷ್ಮಮ್ಮ ತೊಟ್ಟಿಯ ಹತ್ತಿರ ಬಂದು ಬಗ್ಗಿದರು. ಮೀನಿನ ಹಣೆಯ ಮೇಲೆ ಎರಡು ಬಿಳಿ ಗೆರೆ, ನಡುವೆ ಒಂದು ಕೆಂಪು. ಅವರು ಸೆರಗು ಹೊದ್ದುಕೊಂಡರು. "ಅಳಿಯಂದ್ರೇ, ನಾಮ ನೋಡಿ. ಶ್ರಾವಣ ಶನಿವಾರ ಒಪ್ಪತ್ತು ಹಿಡಿದೈತೆ. ಮತ್ಸ್ಯಾವತಾರ ಅಂತ ಸುಮ್ನೆ ಅಂತಾರಾ?"

ಅನಂತರಾಜು ಆ ಕ್ಷಣದಲ್ಲಿ "ಇಲ್ಲ ಅತ್ತೆ, ಕಾಯಿಲೆ" ಎನ್ನಬಹುದಿತ್ತು. ಕಾಯಿಲೆ ಎಂಬ ಶಬ್ದ ಬೀದಿಗೆ ಬಿದ್ದರೆ ಸಂಜೆಯೊಳಗೆ ಆಫೀಸಿಗೆ ಹೋಗಿ, ಅಲ್ಲಿಂದ ಕಾಶಿಗೆ ಹೋಗುತ್ತದೆ. "ಇರಬಹುದು ಅತ್ತೆ," ಎಂದ.

ಭಾನುವಾರವೂ ಮೀನು ತಿನ್ನಲಿಲ್ಲ. ಅದರ ಹಿಂಭಾಗದಿಂದ ಬಿಳಿಯ ನೂಲಿನಂಥದ್ದು ಒಂದು ಇಳಿಬಿದ್ದು, ಅದು ಹೋದ ಕಡೆಯೆಲ್ಲ ಹೋಗುತ್ತಿತ್ತು. ಎದುರು ಮನೆಯ ಗಂಗಾಂಬಿಕೆ ಮೇಡಂ ಬಂದು ನೋಡಿದರು. ಅವರು ಹೆಡ್ ಮೇಡಂ ಆಗಿ ನಿವೃತ್ತರಾದವರು, ಯಾವುದನ್ನೂ ವಿವರಿಸದೆ ಬಿಡುವವರಲ್ಲ.

"ಅದು ಕಂಕಣ," ಎಂದರು ಗಂಗಾಂಬಿಕೆ. "ವ್ರತ ಹಿಡಿದೋರು ಕಂಕಣ ಕಟ್ಕೊಳ್ಳಲ್ವಾ?"

"ಕಂಕಣ ಕೈಗೆ ಕಟ್ಟೋದಲ್ವಾ ಮೇಡಂ?" ಎಂದಳು ಸುಧಾ.

"ಅದಕ್ಕೆ ಕೈಯೆಲ್ಲಿದೆ ಸುಧಾ? ಇರೋ ಕಡೆ ಕಟ್ಕೊಂಡಿದೆ."

ರಂಗಲಕ್ಷ್ಮಮ್ಮ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತರು. ವ್ರತಕ್ಕೆ ಭಂಗ ಬರಬಾರದೆಂದು ಕಾಳಿನ ಡಬ್ಬಿಯನ್ನು ದೇವರ ಮನೆಯಲ್ಲಿಟ್ಟು ಬಾಗಿಲು ಹಾಕಿದರು. ಅನಂತರಾಜು ಸಾಹೇಬರಿಗೆ ಮೊದಲ ದಿನ ತೆಗೆದಿಟ್ಟಿದ್ದ ಫೋಟೋಗಳನ್ನೇ ದಿನಕ್ಕೊಂದರಂತೆ ಕಳಿಸತೊಡಗಿದ. ಕಾಶಿಯಿಂದ ಕೈಮುಗಿಯುವ ಚಿತ್ರ ಬರುತ್ತಿತ್ತು. ಅತ್ತ ಮೀನಿನ ಬುರುಡೆ ಇಳಿಯುತ್ತಿತ್ತು, ಇತ್ತ ಇವನ ಮುಖ ಇಳಿಯುತ್ತಿತ್ತು.

ತುಮಕೂರಿನಲ್ಲಿ ಯಾರನ್ನು ಕೇಳಿದರೂ ಸುದ್ದಿಯಾಗುತ್ತದೆಂದು ಅವನು ರಜೆ ಹಾಕಿ ಗುಬ್ಬಿಯ ದನದ ಡಾಕ್ಟರ ಹತ್ತಿರ ಹೋದ. ಮೀನನ್ನು ಒಯ್ಯಲು ಅತ್ತೆ ಬಿಡುವವರಲ್ಲ. ಬಿಳಿ ನೂಲನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ನೀರಿನ ಸಮೇತ ಹಿಡಿದುಕೊಂಡಿದ್ದ. ಅಲ್ಲಿ ಹಸು, ಕುರಿ, ಎತ್ತುಗಳ ಜೊತೆ ರೈತರು ಸಾಲಾಗಿ ನಿಂತಿದ್ದರು. ಅನಂತರಾಜು ಡಬ್ಬಿ ಹಿಡಿದು ಒಂದು ಎಮ್ಮೆಯ ಹಿಂದೆ ನಿಂತ.

"ದನ ಎಲ್ಲಪ್ಪಾ?" ಎಂದ ಮುಂದಿದ್ದ ಮುದುಕ.

"ಮನೇಲೈತೆ."

"ಡಬ್ಬೀಲೇನು?"

"ಅದ್ರುದೇ," ಎಂದ ಅನಂತರಾಜು. ಮುದುಕ ಡಬ್ಬಿಯ ಗಾತ್ರ ನೋಡಿ, ಇವನ ಮುಖ ನೋಡಿ, "ಪಾಪ, ಮೇವೇ ಹಾಕಲ್ಲ ಅಂತ ಕಾಣ್ತದೆ," ಎಂದು ಎಮ್ಮೆಗೆ ಹೇಳಿದ.

ಡಾಕ್ಟರಿಗೆ ಬೆಳಗಿನಿಂದ ಅವೇ ಪ್ರಶ್ನೆಗಳನ್ನು ಕೇಳಿ ಅಭ್ಯಾಸವಾಗಿತ್ತು. ತಲೆಯೆತ್ತದೆ ಶುರು ಮಾಡಿದರು.

"ಮೇವು ಬಿಟ್ಟು ಎಷ್ಟು ದಿನ?"

"ಒಂದು ವಾರ ಆಯ್ತು ಸಾರ್."

"ಮೆಲುಕು ಹಾಕ್ತಿದೆಯಾ?"

ಅನಂತರಾಜು ಪ್ರಾಮಾಣಿಕವಾಗಿ ಯೋಚಿಸಿದ. "ಬಾಯಂತೂ ಆಡಿಸ್ತಾನೇ ಇರುತ್ತೆ ಸಾರ್."

"ಮೂತಿ ಒಣಗಿದೆಯಾ?"

"ಇಲ್ಲ ಸಾರ್. ಒಣಗೋಕೆ ಅವಕಾಶ ಇಲ್ಲ."

ಡಾಕ್ಟರು ಈಗ ತಲೆಯೆತ್ತಿದರು. "ಹಸು ತಾನೆ?"

"ಮೀನು ಸಾರ್."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಡಬ್ಬಿ ನೋಡಿದರು, ಫೋನಿನಲ್ಲಿದ್ದ ವಿಡಿಯೋ ನೋಡಿದರು, ಮೀನಿನ ಕಾಯಿಲೆ ಬಲ್ಲ ಬೆಂಗಳೂರಿನ ಸ್ನೇಹಿತನಿಗೆ ಫೋನ್ ಮಾಡಿ ಮಾತಾಡಿದರು.

"ಹೊಟ್ಟೇಲಿ ಜಂತು ಇರಬಹುದು. ಖಚಿತ ಅಲ್ಲ, ಅನುಮಾನ. ಈ ಮಾತ್ರೇನ ಪುಡಿ ಮಾಡಿ, ಚಿಟಿಕೇಲಿ ಚಿಟಿಕೆ, ಕಾಳಿಗೆ ಹಚ್ಚಿ ಕೊಡಿ."

"ಅದು ಬಾಯೇ ಬಿಡ್ತಿಲ್ಲವಲ್ಲ ಸಾರ್."

"ಬೆಳ್ಳುಳ್ಳಿ ರಸದಲ್ಲಿ ನೆನೆಸಿ. ಆ ವಾಸನೆಗೆ ಬಾಯಿ ಬಿಡ್ತವಂತೆ. ನೀರಿಗೆ ಸ್ವಲ್ಪ ಭೇದಿ ಉಪ್ಪು ಹಾಕಿ, ಹೊಟ್ಟೆ ಸಡಿಲ ಆಗುತ್ತೆ. ಹುಷಾರಾದ್ಮೇಲೆ ವಾರಕ್ಕೊಂದು ದಿನ ಉಪವಾಸ ಕೆಡವಿ."

"ಯಾವ ದಿನ ಸಾರ್?"

"ಯಾವ್ದಾದ್ರೇನ್ರೀ? ಶನಿವಾರ ಮಾಡಿ."

ಅತ್ತೆಯವರ ಮಾತನ್ನು ವೈದ್ಯಶಾಸ್ತ್ರವೂ ಒಪ್ಪಿದ್ದು ಕಂಡು ಅನಂತರಾಜುವಿಗೆ ಕಸಿವಿಸಿಯಾಯಿತು. ಅದಕ್ಕಿಂತ ದೊಡ್ಡ ಸಂಕಟ ಬೆಳ್ಳುಳ್ಳಿಯದು. ಆ ಮನೆಯೊಳಗೆ ಬೆಳ್ಳುಳ್ಳಿ ಒಯ್ಯುವುದಕ್ಕಿಂತ ಹುಲಿಯನ್ನು ಒಯ್ಯುವುದು ಸುಲಭವಿತ್ತು. ಅವನು ಗಡ್ಡೆಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟ. ಆಫೀಸಿನ ಮೇಜಿನ ಕೆಳಗೆ ಕೂತು ಸಿಪ್ಪೆ ಸುಲಿದ, ಪೇಪರ್‌ವೇಟಿನಲ್ಲಿ ಜಜ್ಜಿದ, ಹೊಸದಾಗಿ ತಂದ ಕಾಳನ್ನು ಅದರ ರಸದಲ್ಲಿ ನೆನೆಸಿ, ಮಾತ್ರೆಯ ಪುಡಿ ಹಚ್ಚಿ, ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡ. ಬೆಳಿಗ್ಗೆ ಅತ್ತೆ ದೇವಸ್ಥಾನಕ್ಕೆ, ಸುಧಾ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ತೊಟ್ಟಿಗೆ ಒಂದೊಂದೇ ಕಾಳು ಹಾಕಿದ. ಮೊದಲ ದಿನ ರಾಜ ನೋಡಿದ. ಎರಡನೆಯ ದಿನ ಹತ್ತಿರ ಬಂದ. ಆಮೇಲೊಂದು ದಿನ ಗಬಕ್ಕನೆ ನುಂಗಿದ. ಅನಂತರಾಜು ಅಡುಗೆಮನೆಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಕಣ್ಣೊರೆಸಿಕೊಂಡ.

ಭೇದಿ ಉಪ್ಪಿನದು ಬೇರೆಯೇ ಕಥೆಯಾಯಿತು. ಅದನ್ನು ಅವನು ಹಾಕಿದ್ದು ಬೆಳಿಗ್ಗೆ; ಡಾಕ್ಟರು ಹೇಳಿದ 'ಸ್ವಲ್ಪ'ವನ್ನು ಅವನು ತನ್ನ ಕೈಯಳತೆಯಲ್ಲಿ ತಿಳಿದುಕೊಂಡಿದ್ದ. ಮಧ್ಯಾಹ್ನ ಗಂಗಾಂಬಿಕೆ ಮೇಡಂ ಬಂದು ತೊಟ್ಟಿಯಿಂದ ಒಂದು ಲೋಟ ತೀರ್ಥ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಪೂರ್ತಿ ಕುಡಿದರು. ಸುದ್ದಿ ತಿಳಿದು ಅನಂತರಾಜು ಆಫೀಸಿನಿಂದ ಓಡಿ ಬಂದ. ಮೇಡಂ ಮನೆಯ ಬಾಗಿಲು ಸಂಜೆವರೆಗೆ ತೆರೆಯಲಿಲ್ಲ. ಅವನು ಗೇಟಿನಲ್ಲಿ ನಿಂತು ಪೊಲೀಸರ ಮುಂದೆ ಏನು ಹೇಳಬೇಕೆಂದು ಯೋಚಿಸುತ್ತಿದ್ದಾಗ ಅವರು ಆಚೆ ಬಂದರು. ಮುಖದಲ್ಲಿ ಏನೋ ಕಳೆ ಇತ್ತು.

"ರಾಜು ಅವ್ರೇ, ರಿಟೈರ್ ಆದಾಗಿನಿಂದ ನನಗೊಂದು ತೊಂದರೆ ಇತ್ತು. ಯಾರ ಹತ್ರ ಹೇಳ್ಕೊಳ್ಳೋ ಹಾಗಿರ್ಲಿಲ್ಲ. ಎಷ್ಟು ಡಾಕ್ಟರು, ಎಷ್ಟು ಕಷಾಯ. ಇವತ್ತು ಒಂದೇ ಲೋಟಕ್ಕೆ ಪರಿಹಾರ ಆಯ್ತು."

ಮಾರನೆಯ ದಿನ ಸದಾಶಿವನಗರದ ಹಿರಿಯರು ಲೋಟ, ತಂಬಿಗೆ ಹಿಡಿದು ಸಾಲಾಗಿ ಬಂದರು. ಅನಂತರಾಜು ತೊಟ್ಟಿಗೆ ಮುಚ್ಚಳ ಹಾಕಿ, ಅದರ ಮುಂದೆ ತಾನೇ ಕೂತು, "ಸ್ವಾಮಿ ಮೌನ ಹಿಡಿದಿದ್ದಾರೆ, ಶ್ರಾವಣ ಮುಗಿಯೋವರೆಗೂ ತೀರ್ಥ ಇಲ್ಲ," ಎಂದ. ಮೀನು ಮೌನ ಹಿಡಿದದ್ದನ್ನು ಯಾರೂ ಅನುಮಾನಿಸಲಿಲ್ಲ.

ಆದರೆ ರಂಗಲಕ್ಷ್ಮಮ್ಮನವರ ಮೂಗು ಅವನ ಮೇಲೆ ಅನುಮಾನ ಪಟ್ಟಿತು. ಮೂರು ದಿನ ಅವರು, ಅವನು ಹಾದುಹೋದಾಗಲೆಲ್ಲ ಗಾಳಿ ಮೂಸಿದರು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಕೇಳಿದರು.

"ಅಳಿಯಂದ್ರೇ, ಕೈ ತೋರ್ಸಿ."

ತೋರಿಸಿದ. ಮೂಸಿದರು. ಮಗಳ ಕಡೆ ತಿರುಗಿದರು. "ಸುಧಾ, ನಿನ್ ಗಂಡ ಶ್ರಾವಣದಲ್ಲಿ ಮಿಲ್ಟ್ರಿ ಹೋಟ್ಲಿಗೆ ಹೋಗಿ ಉಂಡು ಬತ್ತಾವ್ರೆ. ಬೆಳ್ಳುಳ್ಳಿ ಮಸಾಲೆ ನಾತ ನಂಗೊತ್ತಾಗಲ್ವಾ?"

ಅನಂತರಾಜು ತಟ್ಟೆ ನೋಡಿದ. ನಿಜ ಹೇಳಿದರೆ, ಬೆಳ್ಳುಳ್ಳಿ ತಿಂದದ್ದು ಸ್ವಾಮಿ ಎಂದು ಹೇಳಬೇಕು. ಆಮೇಲೆ ಅತ್ತೆ ಔಷಧಿ ಹಾಕಲು ಬಿಡುವುದಿಲ್ಲ, ಮೀನು ಉಳಿಯುವುದಿಲ್ಲ, ಉಳಿಯದಿದ್ದರೆ ಪಾವಗಡ.

"ಹೌದು ಅತ್ತೆ," ಎಂದ. "ತಿಂದೆ."

"ಏನ್ ತಿಂದ್ರಿ?"

ಇಷ್ಟು ಕೇಳುತ್ತಾರೆಂದು ಅವನು ಅಂದುಕೊಂಡಿರಲಿಲ್ಲ. "ಬೋಟಿ," ಎಂದ.

"ಬೋಟಿ," ಎಂದರು ರಂಗಲಕ್ಷ್ಮಮ್ಮ, ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ. ಅಂದಿನಿಂದ ಅವನಿಗೆ ಊಟ ಹಿತ್ತಿಲ ಕಟ್ಟೆಯ ಮೇಲೆ. ಸುಧಾ ಒಂದು ಮಾತೂ ಆಡಲಿಲ್ಲ, ಅದೇ ಅವನಿಗೆ ಹೆಚ್ಚು ನೋವಾಗಿದ್ದು. ಬಾಯಿಗೆ ಒಂದು ಎಸಳು ಬೆಳ್ಳುಳ್ಳಿ ಸೋಕದೆ ಅವನು ಇಡೀ ಬೀದಿಯಲ್ಲಿ ಬೋಟಿ ತಿಂದವನೆನಿಸಿಕೊಂಡ. ಹಾಲಿನವನೂ ಒಂದು ದಿನ, "ಯಾವ ಹೋಟ್ಲು ಸಾರ್?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಕೊನೆಯ ಶ್ರಾವಣ ಶನಿವಾರ ಬಂತು. ಕುಣಿಗಲ್ಲಿನಿಂದ ಒಂದು ಟೆಂಪೋ ತುಂಬ ನೆಂಟರು, ಅವರ ಮುಂದೆ ಶಂಖ ಜಾಗಟೆ ಹಿಡಿದ ದಾಸಯ್ಯ ದೊಡ್ಡರಂಗಯ್ಯ. ರಾಜನಿಗೆ ಆಗಲೇ ಪೂರ್ತಿ ಗುಣವಾಗಿತ್ತು. ಬಿಳಿ ನೂಲು ಹೋಗಿ, ಬುರುಡೆ ಮತ್ತೆ ಎದ್ದಿತ್ತು. "ಕಂಕಣ ವಿಸರ್ಜನೆ ಆಗಿದೆ," ಎಂದರು ಗಂಗಾಂಬಿಕೆ ಮೇಡಂ. ಡಾಕ್ಟರು ಹೇಳಿದಂತೆ ಅಂದು ಅನಂತರಾಜು ಕಾಳು ಹಾಕಿರಲಿಲ್ಲ. ಮೀನು ಹಸಿದು ಕೆಂಡವಾಗಿತ್ತು. ಅವನು ಮಾತ್ರ ಬೆಳಿಗ್ಗೆಯೇ ಬೆಳ್ಳುಳ್ಳಿ ಜಜ್ಜಿ, ಮಾರನೆಯ ದಿನದ ಕಾಳನ್ನು ನೆನೆಸಿಟ್ಟು, ಕೈ ತೊಳೆದುಕೊಂಡಿದ್ದ. ಬೆಳ್ಳುಳ್ಳಿ ಒಂದು ಸಲ ತೊಳೆದರೆ ಹೋಗುವ ಪದಾರ್ಥವಲ್ಲ.

ದೊಡ್ಡರಂಗಯ್ಯ ರಸಾಯನ ತೋರಿಸಿದರು. ಮೀನು ತಿರುಗಿ ನೋಡಲಿಲ್ಲ. ಕೋಸಂಬರಿ ತೋರಿಸಿದರು. ನೋಡಲಿಲ್ಲ.

"ಮನೇಲಿ ಯಾರೋ ತಪ್ಪು ಮಾಡವ್ರೆ," ಎಂದರು ದಾಸಯ್ಯ.

ಎಲ್ಲರೂ ಬಾಗಿಲಾಚೆ ನಿಂತಿದ್ದ ಅನಂತರಾಜುವಿನ ಕಡೆ ತಿರುಗಿದರು.

"ಬರ್ಲಿ. ತಪ್ಪು ಮಾಡಿದೋರ ಕೈಲೇ ತುಳಸಿ ಹಾಕ್ಸಿ. ಒಪ್ಪಿಸ್ಕಂತಾನೋ ಇಲ್ವೋ ನೋಡನ."

ಅನಂತರಾಜು ಬಂದು, ಕಣ್ಣು ಮುಚ್ಚಿ, ಒಂದು ಎಸಳು ತುಳಸಿಯನ್ನು ನೀರಿಗೆ ಇಳಿಸಿದ. ತೊಟ್ಟಿಯ ಆ ತುದಿಯಿಂದ ರಾಜ ಬಾಣದ ಹಾಗೆ ಬಂದು ಅವನ ತೋರುಬೆರಳನ್ನು ಗಟ್ಟಿಯಾಗಿ ಕಚ್ಚಿ ಹಿಡಿದ. ಹಿಡಿದವನು ಬಿಡಲಿಲ್ಲ. ಶಂಖ ಊದುತ್ತಿದ್ದ ದೊಡ್ಡರಂಗಯ್ಯನವರ ಉಸಿರು ಅರ್ಧಕ್ಕೇ ನಿಂತಿತು.

"ಹಿಡ್ಕಂತು," ಎಂದರು ಅವರು. "ಇಷ್ಟು ಜನದಾಗೆ ಅವ್ರನ್ನೇ ಹಿಡ್ಕಂತು."

"ಯಾವ ಕೈ?" ಎಂದು ಹಿಂದಿನಿಂದ ಗಂಗಾಂಬಿಕೆ ಮೇಡಂ ಕೇಳಿದರು.

"ಬಲಗೈ."

"ಉಂಡಿದ್ದು ಅದೇ ಕೈಲಿ."

ರಂಗಲಕ್ಷ್ಮಮ್ಮ ಕೆನ್ನೆಗೆ ಹಾಕಿಕೊಂಡರು. ನೆಂಟರು ಗೋವಿಂದ ಎಂದರು. ಆ ಗೋವಿಂದದ ನಡುವೆ ಬಾಗಿಲಲ್ಲಿ ಗಂಗೆಯ ತಂಬಿಗೆ ಹಿಡಿದು ಹನುಮಂತರಾಜು ಸಾಹೇಬರು ನಿಂತಿದ್ದರು. ರೈಲು ಇಳಿದವರು ಮನೆಗೂ ಹೋಗದೆ ನೇರ ಇಲ್ಲಿಗೇ ಬಂದಿದ್ದರು. ಅವರು ನೋಡಿದ್ದು ಇಷ್ಟು: ಊರಿನವರೆಲ್ಲ ಕೈಮುಗಿದು ನಿಂತಿದ್ದಾರೆ, ರಾಜ ಅನಂತರಾಜುವಿನ ಬೆರಳು ಹಿಡಿದುಕೊಂಡಿದ್ದಾನೆ. ಸಾಹೇಬರು ತಂಬಿಗೆಯನ್ನು ಕೆಳಗಿಟ್ಟರು.

"ಇಷ್ಟ್ ವರ್ಷ ಸಾಕ್ದೆ ಕಣ್ರೀ," ಎಂದರು. "ಒಂದಿನಾನೂ ನನ್ ಕೈ ಹಿಂಗೆ ಹಿಡ್ಕೊಂಡಿರ್ಲಿಲ್ಲ."

ತೊಟ್ಟಿಯನ್ನು ಕಾರಿಗೆ ಸಾಗಿಸುವಾಗ ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ, "ಪಾವಗಡದ ಚಿಂತೆ ಬಿಡಿ. ನಿಮ್ ಹೆಸರು ತೆಗೆದಾಯ್ತು," ಎಂದರು. ಕಥೆ ಇಲ್ಲಿಗೆ ಮುಗಿದಿದ್ದರೆ ಅನಂತರಾಜು ಇವತ್ತು ತುಮಕೂರಿನಲ್ಲಿರುತ್ತಿದ್ದ. ಆದರೆ ಒಂದು ತಿಂಗಳಿಂದ ಕಟ್ಟಿಕೊಂಡಿದ್ದ ಬಾಯಿ ಅದು. ಅತ್ತೆ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವನು ಸಾಹೇಬರ ಕಿವಿಯ ಬಳಿ ಬಗ್ಗಿದ.

"ಹೇಳ್ಬಾರ್ದು ಅಂತಿದ್ದೆ ಸಾರ್. ಮಧ್ಯೆ ಇದಕ್ಕೆ ಹೊಟ್ಟೇಲಿ ಜಂತು ಆಗಿತ್ತು. ಬೇರೆಯೋರಾಗಿದ್ರೆ ಕೈ ಚೆಲ್ಬಿಡ್ತಿದ್ರು. ನಾನು ನೋಡಿದ್ ತಕ್ಷಣ ಕಂಡುಹಿಡಿದು, ನಾನೇ ಔಷಧಿ ಮಾಡಿ ಗುಣ ಮಾಡ್ದೆ."

ಸಾಹೇಬರು ನಿಂತರು. "ಊಟ ಬಿಟ್ಟಿತ್ತಾ?"

"ಪೂರ್ತಿ ಸಾರ್."

"ಬಿಳೀ ದಾರದ ಥರ ಬರ್ತಿತ್ತಾ?"

"ಗೇಣುದ್ದ ಸಾರ್."

ಸಾಹೇಬರು ಆಗಲೇ ಫೋನ್ ಕಿವಿಗೆ ಹಚ್ಚಿದ್ದರು. "ಸಾರ್, ನಮಸ್ಕಾರ. ನಿಮ್ ಮೀನು ಊಟ ಬಿಟ್ಟಿದೆ ಅಂತಿದ್ರಲ್ಲ? ಬಿಳೀ ದಾರ? ಸಿಕ್ಕಿದ್ರು ಸಾರ್ ಮನುಷ್ಯ. ಸೋಮವಾರವೇ ಕಳಿಸ್ಕೊಡ್ತೀನಿ. ಎಷ್ಟು ವರ್ಷ ಬೇಕಾದ್ರೂ ಇಟ್ಕೊಳ್ಳಿ."

ಸೋಮವಾರ ಬಸ್‌ಸ್ಟ್ಯಾಂಡಿಗೆ ಸುಧಾ ಬಂದಳು. ಅತ್ತೆಯವರು, ಪಾವಗಡದಲ್ಲಾದರೂ ಶನಿವಾರ ಬಾಯಿ ಕಟ್ಟಿ ಎಂದು ಹೇಳಿ ಕಳಿಸಿದ್ದರು. ಬಸ್ಸು ಹೊರಡುವ ಹೊತ್ತಿಗೆ ಅನಂತರಾಜು ಕಿಟಕಿಯಿಂದ ಬಗ್ಗಿದ.

"ಸುಧಾ, ನಾನು ಬೋಟಿ ತಿಂದಿರ್ಲಿಲ್ಲ ಕಣೇ."

"ಗೊತ್ತು," ಎಂದಳು ಸುಧಾ. "ಸ್ಕೂಟರ್ ಡಿಕ್ಕೀಲಿ ಸಿಪ್ಪೆ ನೋಡಿದ್ದೆ. ಜೇಬಲ್ಲಿ ಕಾಳೂ ನೋಡಿದ್ದೆ."

"ಮತ್ತೆ ಯಾಕೆ ಮಾತಾಡ್ಲಿಲ್ಲ?"

"ನನ್ನ ಬಿಟ್ಟು ಹೋಗ್ಬಾರ್ದು ಅಂತ ಒಬ್ರು ಇಷ್ಟು ಮಾಡ್ತಿದಾರಲ್ಲ ಅನ್ನಿಸ್ತು. ಇನ್ನೂ ಒಂದೆರಡು ದಿನ ನೋಡೋಣ ಅಂತ ಸುಮ್ನಿದ್ದೆ."

ಬಸ್ಸು ಹೊರಟಿತು. ಮಧುಗಿರಿ ದಾಟುವವರೆಗೂ ಅನಂತರಾಜು ಮೂಗು ಒರೆಸಿಕೊಳ್ಳುತ್ತಲೇ ಇದ್ದ. ಪಕ್ಕದವನು ನೆಗಡಿಯೆಂದು ತಿಳಿದು ಕಿಟಕಿ ಮುಚ್ಚಿದ.

ಪಾವಗಡದಲ್ಲಿ ದೊಡ್ಡ ಸಾಹೇಬರು ಅವನನ್ನು ಆಫೀಸಿಗಿಂತ ಮೊದಲು ಮನೆಗೆ ಕರೆದೊಯ್ದರು. ತೊಟ್ಟಿಯಲ್ಲಿ ರಾಜನ ಜೋಡಿ ಮಂಕಾಗಿ ನಿಂತಿತ್ತು, ಹಿಂದೆ ಬಿಳಿಯ ದಾರ. ಸಾಹೇಬರ ಮನೆಮಂದಿಯೆಲ್ಲ ಸುತ್ತ ನಿಂತು ಅವನ ಮುಖವನ್ನೇ ನೋಡುತ್ತಿದ್ದರು. ಗುಣವಾದರೆ ಇಲ್ಲೇ ಇಟ್ಟುಕೊಳ್ಳುತ್ತಾರೆ, ಸತ್ತರೆ ಇನ್ನೂ ದೂರ ಕಳಿಸುತ್ತಾರೆ. ನನಗೆ ಮೀನು ಗೊತ್ತಿಲ್ಲ ಸಾರ್, ನಾನು ಹಿಡಿದಿದ್ದು ಕಪ್ಪೆಮರಿ, ಎಂದು ಹೇಳಿಬಿಡಲು ಅವನು ಬಾಯಿ ತೆರೆದ.

ಕೈ ಹಿಂದೆ ಕಟ್ಟಿಕೊಂಡು, ತೊಟ್ಟಿಯ ಕಡೆ ಬಗ್ಗಿ, ಕೇಳಿದ.

"ಮೂತಿ ಏನಾದ್ರೂ ಒಣಗಿತ್ತಾ ಸಾರ್?"

ದೊಡ್ಡ ಸಾಹೇಬರು ಹೆಂಡತಿಯ ಕಡೆ ತಿರುಗಿದರು. "ನೋಡಿದ್ಯಾ? ಇದುವರೆಗೂ ಒಬ್ಬನೇ ಒಬ್ಬ ಈ ಪ್ರಶ್ನೆ ಕೇಳಿರ್ಲಿಲ್ಲ."